ಗುಲ್‌ಬಾನು ನಗಲಿಲ್ಲ

ಯಮಹಾ ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿದ ಕೂಡಲೇ ನಾನು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕುತ್ತಿದ್ದೆ. ಬೈಕು ಬರುತ್ತಿದ್ದದ್ದು ನಮ್ಮ ಮನೆಗಲ್ಲ, ಗೋಡೆ ಆಚೆಯ ತಾಹೇರಾಳ ಮನೆ ಮುಂದಕ್ಕೆ. ನಿಲ್ಲುತ್ತಲೂ ಇರಲಿಲ್ಲ. ನಿಧಾನ ಆಗುತ್ತಿತ್ತು, ಎರಡು ಸಲ ಗುರ್ ಅನ್ನುತ್ತಿತ್ತು, ಹೋಗುತ್ತಿತ್ತು.

ತೊಂಬತ್ತೆಂಟನೇ ಇಸವಿ. ಮರ್ಫಿ ಟೌನಿನಲ್ಲಿ ಮುನಿವೆಂಕಟಮ್ಮನವರ ವಠಾರ. ನಮ್ಮವರು, ರವಿಕಿರಣ, ದೊಮ್ಮಲೂರಿನ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದರಿಂದ ನಾವು ದಾವಣಗೆರೆ ಕಡೆಯಿಂದ ಇಲ್ಲಿಗೆ ಬಂದಿದ್ದೆವು. ಮಗಳು ಸೃಷ್ಟಿಗೆ ಇನ್ನೂ ಹಲ್ಲು ಬರುತ್ತಿದ್ದ ಕಾಲ. ನನ್ನ ಆ ವರ್ಷದ ಡೈರಿ ತುಂಬ ಅವಳ ಜ್ವರ, ಲಸಿಕೆ, ರಾಗಿ ಸರಿಯ ವಿಚಾರ. ನಡುನಡುವೆ ತಾಹೇರಾ.

ತಾಹೇರಾ ಹುಟ್ಟಿ ಬೆಳೆದದ್ದೆಲ್ಲ ಅದೇ ವಠಾರದಲ್ಲಿ. ಅವಳ ತಂದೆ ಮಿಲಿಟರಿ ಲಾರಿಗಳಿಗೆ ಬಣ್ಣ ಬಳಿಯುವ ಕೆಲಸದಲ್ಲಿದ್ದರಂತೆ, ಅವಳು ಚಿಕ್ಕವಳಿದ್ದಾಗಲೇ ತೀರಿಹೋದರು. ಉರ್ದು ಶಾಲೆಗೆ ಹೋಗಬೇಕಾದರೆ ದೊಡ್ಡ ರಸ್ತೆ ದಾಟಬೇಕು, ಲಾರಿ ಕಾಟ ಅಂತ ತಾಯಿ ಶಂಶುನ್ನೀಸಾ ಪಕ್ಕದ ಬೀದಿಯ ಕನ್ನಡ ಶಾಲೆಗೆ ಸೇರಿಸಿದರು. ಹಾಗಾಗಿ ಮನೆಯಲ್ಲಿ ದಖ್ಖನಿ ಮಾತಾಡುವ ಹುಡುಗಿ ಓದಿದ್ದು, ಬರೆದದ್ದು, ಸಿಟ್ಟಿನಲ್ಲಿ ಬೈದದ್ದು ಎಲ್ಲಾ ಕನ್ನಡದಲ್ಲಿ. ನನ್ನ ಕನ್ನಡಕ್ಕಿಂತ ಅವಳದೇ ಚೊಕ್ಕ. ನಾನು ‘ಹೊಂಟೀನಿ’ ಅಂದರೆ ಅಣಕಿಸಿ ನಗುವಳು.

ಪಿಯುಸಿ ಆದಮೇಲೆ ಹಲಸೂರು ಪೇಟೆಯ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದಳು. ಇಂದಿರಾನಗರದ ಹೆಂಗಸರು ಪುಸ್ತಕಕ್ಕಾಗಿ ಹಲಸೂರಿಗೆ ಬರುವುದಿಲ್ಲ, ನಾವೇ ಅವರ ಗೇಟಿಗೆ ಹೋಗೋಣ ಅಂತ ಮಾಲೀಕರಿಗೆ ಹೇಳಿದವಳು ಇವಳೇ. ಹಳೆಯದೊಂದು ಲೂನಾ ಮೊಪೆಡ್ಡು ಬಂತು. ದೊಡ್ಡ ರಸ್ತೆ ದಾಟಿಸಲು ಹೆದರಿದ ತಾಯಿಯ ಮಗಳು ಬುರ್ಖಾವನ್ನು ಸೀಟಿನ ಕೆಳಗೆ ಸಿಕ್ಕಿಸಿಕೊಂಡು, ಹ್ಯಾಂಡಲಿಗೆ ಪುಸ್ತಕದ ಚೀಲ ನೇತುಹಾಕಿಕೊಂಡು ನೂರಡಿ ರಸ್ತೆಯಲ್ಲಿ ಲಾರಿಗಳ ಪಕ್ಕದಲ್ಲೇ ಓಡಿಸುವಳು. ಮಾರ್ಕೆಟಿನವರು ಅವಳಿಗೆ ‘ಲೂನಾ ಆಪಾ’, ಅಂದರೆ ಲೂನಾ ಅಕ್ಕ, ಅಂತ ಹೆಸರಿಟ್ಟಿದ್ದರು.

ಚೀಲದಲ್ಲಿರುತ್ತಿದ್ದದ್ದು ಬಹುಪಾಲು ಇಂಗ್ಲಿಷ್ ಪ್ರೇಮ ಕಾದಂಬರಿಗಳು, ಅದರಲ್ಲೂ ಹಳೇ ಕಾಲದ ಕತೆಯವು. ರಟ್ಟಿನ ಮೇಲೆ ಜಾರುವ ಗೌನಿನ ಹೆಂಗಸು, ಗುಂಡಿ ಬಿಚ್ಚಿದ ಅಂಗಿಯ ಗಂಡಸು, ಹಿಂದೆ ಒಂದು ಕುದುರೆ. ತಲುಪಿಸುವ ಮೊದಲು ತಾಹೇರಾ ಡಿಕ್ಷನರಿ ಇಟ್ಟುಕೊಂಡು ಎಲ್ಲವನ್ನೂ ಓದುವಳು. ಮಧ್ಯಾಹ್ನ ನಾನು ಮಗುವಿಗೆ ಎಣ್ಣೆ ಹಚ್ಚುವಾಗ ಕತೆ ಹೇಳುವಳು. ಎಲ್ಲದರಲ್ಲೂ ಒಬ್ಬ ಶೋಕೀಲಾಲ. ಜೂಜು, ಕುಡಿತ, ಊರೆಲ್ಲ ಹೆಂಗಸರು. ಅವನಿಗೆ ಎದುರಾಗುವವಳು ಯಾರ ಮಾತಿಗೂ ಬಗ್ಗದ ಹುಡುಗಿ. ಕುದುರೆ ಏರುತ್ತಾಳೆ, ಗಾಯಕ್ಕೆ ಹೊಲಿಗೆ ಹಾಕುತ್ತಾಳೆ, ಸಭೆಯಲ್ಲಿ ಜವಾಬು ಕೊಡುತ್ತಾಳೆ. ಅವನು ಕೈ ಹಿಡಿದರೆ ಬಿಡಿಸಿಕೊಳ್ಳುತ್ತಾಳೆ, ಮತ್ತೆ ಹಿಡಿಯುತ್ತಾನೆ, ಮತ್ತೆ ಬಿಡಿಸಿಕೊಳ್ಳುತ್ತಾಳೆ, ಕೊನೆಯಲ್ಲಿ ಅವನು ಕಣ್ಣೀರಿಟ್ಟು ಒಳ್ಳೆಯವನಾಗುತ್ತಾನೆ. ತಾಹೇರಾಗೆ ಹುಡುಗಿಯರು ತುಂಬ ಇಷ್ಟ, ಗಂಡಿನ ಮೇಲೆ ಮಾತ್ರ ನಂಬಿಕೆ ಬರಲಿಲ್ಲ.

“ಬೇಡ ಅಂದವಳ ಮಾತಿಗೆ ಆ ಪುಸ್ತಕದಲ್ಲಿ ಬೆಲೇನೇ ಇಲ್ಲ ವಿಮಲಾ,” ಅಂದಳು ಒಂದು ದಿನ. “ನಾನೊಂದು ಬರೀತೀನಿ. ಅದ್ರಲ್ಲಿ ಬೇಡ ಅಂದ್ರೆ ಬೇಡ.”

ಬರೆದೇ ಬರೆದಳು. ಬ್ರಿಟಿಷರ ಗೋರಾ ಪಲ್ಟನ್ನುಗಳು ಇದ್ದ ಕಾಲದ ಕಂಟೋನ್ಮೆಂಟು. ಕುದುರೆಗೆ ಲಾಳ ಹೊಡೆಯುವವನ ಮಗಳು ಗುಲ್‌ಬಾನು. ಅಪ್ಪನ ಕೈ ಜಜ್ಜಿಹೋದ ಮೇಲೆ ಸುತ್ತಿಗೆಯನ್ನು ಅವಳೇ ಹಿಡಿಯುತ್ತಾಳೆ. ಅವಳ ಹಿಂದೆ ಬೀಳುವವನು ಮಿರ್ಜಾ ಸಿಕಂದರ್, ರೇಸಿನ ಹುಚ್ಚಿನ ಶೋಕೀಲಾಲ. ಬರೆದಷ್ಟನ್ನು ವಠಾರದ ನಲ್ಲಿಯ ಹತ್ತಿರ ಓದುವಳು. ಮುನಿವೆಂಕಟಮ್ಮ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡು, “ಆ ಮಿರ್ಜಾನ ಕಾಲಿಗೂ ಎರಡು ಮೊಳೆ ಹೊಡೀಲಿ ಕಣಮ್ಮ ಅವ್ಳು, ಒಂದ್ಕಡೆ ನಿಲ್ತಾನೆ,” ಅನ್ನುವರು.

ಒಂದು ವಾರಪತ್ರಿಕೆಯವರು ಅದನ್ನು ಧಾರಾವಾಹಿಯಾಗಿ ತೆಗೆದುಕೊಂಡರು. ವಠಾರಕ್ಕೇ ಹಬ್ಬ. ಆಮೇಲಿನದು ಹಬ್ಬವಲ್ಲ.

ಲೂನಾ ರಿಪೇರಿಗೆ ತಾಹೇರಾ ಹೋಗುತ್ತಿದ್ದದ್ದು ಶಿವಾಜಿನಗರದಲ್ಲಿ ಚಾಂದ್ ಪಾಷಾ ಅನ್ನುವವರ ಅಂಗಡಿಗೆ. ಹಳೇ ಗಾಡಿಗಳ ಸಾಮಾನು, ಒಂದು ಪಕ್ಕದಲ್ಲಿ ಬ್ಯಾಟರಿ. ಚಾಂದ್ ಪಾಷಾ ನಮಾಜು, ಅಂಗಡಿ ಬಿಟ್ಟು ಬೇರೆ ತಿಳಿಯದ ಮೆದು ಮಾತಿನ ಮುದುಕರು. ಬ್ಯಾಟರಿ ಪಕ್ಕದಲ್ಲಿ ಕೂರುತ್ತಿದ್ದವನು ಅವರ ಮಗ ಆಸಿಮ್. ನೋಡಲು ಚೆಂದ. ಬಿಳಿ ಶೂ, ಯಮಹಾ ಬೈಕು. ಫ್ರೇಜರ್ ಟೌನಿನಿಂದ ಹಲಸೂರಿನವರೆಗೆ ಅವನು ಹಿಂದೆ ಬೀಳದ ಹುಡುಗಿ ಇಲ್ಲ ಅನ್ನುತ್ತಿದ್ದರು. ಅದನ್ನು ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಇನ್ನೊಂದು ಮಾತನ್ನು ಜನ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. ಯಾವನೋ ಒಬ್ಬ ಅವನಿಗೆ ಎದುರಾಡಿದ್ದಕ್ಕೆ, ಮರುದಿನ ಬೆಳಿಗ್ಗೆ ಆ ಎದುರಾಡಿದವನ ಸ್ಕೂಟರಿನ ಸೀಟು ಕರಗಿ ಹೊಗೆಯಾಡುತ್ತಿತ್ತಂತೆ. ಬ್ಯಾಟರಿಗೆ ಹಾಕುವ ಆಸಿಡ್.

ಆ ಆಸಿಮ್ ಒಂದು ಸಂಜೆ ಹಲಸೂರು ಕೆರೆ ಹತ್ತಿರ ಲೂನಾಗೆ ಬೈಕು ಅಡ್ಡ ಹಾಕಿದ. ಒಂದೇ ಮಾತು ಹೇಳು, ನಾಳೆನೇ ಅಬ್ಬಾನ ಕಳಿಸ್ತೀನಿ ಅಂದ. ತಾಹೇರಾ ತಲೆ ಎತ್ತದೆ ‘ನಕ್ಕೊ’ ಅಂದು, ಪಕ್ಕದಿಂದ ಗಾಡಿ ನುಗ್ಗಿಸಿಕೊಂಡು ಬಂದಳು. ದಖ್ಖನಿಯಲ್ಲಿ ‘ನಕ್ಕೊ’ ಅಂದರೆ ಬೇಡ. ನಮ್ಮ ‘ಬೇಡ’ಕ್ಕಿಂತ ಗಟ್ಟಿ, ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಮನೆಗೆ ಬಂದವಳೇ ಒಂದು ಲೋಟ ನೀರು ಕುಡಿದು ಬರೆಯಲು ಕೂತಳು. ಮಿರ್ಜಾ ಸಿಕಂದರ್ ಲಾಯಕ್ಕೆ ಬಂದು, ಒಂದೇ ಮಾತು ಹೇಳು ಅಂತಾನೆ. ‘ಗುಲ್‌ಬಾನು ತಲೆ ಎತ್ತದೆ ನಕ್ಕೊ ಅಂದಳು.’ ಅಲ್ಲಿಗೆ ಆ ಕಂತು ಮುಗಿಯಿತು. ಬರೆದ ಮೇಲೆ ಅವಳ ಮುಖ ಎಷ್ಟೋ ಹಗುರಾಗಿತ್ತು.

ಆ ಕಂತು ಅಚ್ಚಾಗಿ ಬಂದ ದಿನ ನಲ್ಲಿ ಹತ್ತಿರ ಓದುವ ಸರದಿ ನನ್ನದು. ಕೊನೆಯ ಸಾಲಿಗೆ ಬಂದೆ. “ಗುಲ್‌ಬಾನು ತಲೆ ಎತ್ತದೆ ನಕ್ಕಳು.”

ಓದಿ ಮುಗಿಸಿದ ಮೇಲೂ ನನಗೆ ತಪ್ಪು ಹೊಳೆಯಲಿಲ್ಲ, ಅಷ್ಟು ಸರಾಗವಾಗಿತ್ತು ಸಾಲು. ತಾಹೇರಾ ನನ್ನ ಕೈಯಿಂದ ಪತ್ರಿಕೆ ಕಿತ್ತುಕೊಂಡಳು. ಪುಟದ ಅರ್ಧಕ್ಕೆ ಚಿತ್ರ. ಸೆರಗಿನ ತುದಿ ಕಚ್ಚಿಕೊಂಡು ನಗುವ ಹುಡುಗಿ, ಎದುರಿಗೆ ಮೀಸೆ ತಿರುವುವ ಮಿರ್ಜಾ. ಸುತ್ತಿಗೆ ಎಲ್ಲೋ ಮೂಲೆಯಲ್ಲಿ ಬಿದ್ದಿದೆ.

“ನಾನು ನಗಿಸಿಲ್ಲ,” ಅಂದಳು ತಾಹೇರಾ. “ವಿಮಲಾ, ಅವ್ಳು ನಗಲ್ಲ.”

ಮುನಿವೆಂಕಟಮ್ಮ ಇನ್ನೂ ತಮಾಷೆಯಲ್ಲೇ ಇದ್ದರು. ಬಿಡಮ್ಮ, ಹುಡುಗಿ ಒಂದ್ಸಲ ನಕ್ಕರೆ ಏನಾಯ್ತು ಅಂದರು. ಏನಾಯ್ತು ಅನ್ನೋದು ಅದೇ ವಾರ ಗೊತ್ತಾಯಿತು.

ಶಿವಾಜಿನಗರದಲ್ಲಿ ಕನ್ನಡ ಓದಬಲ್ಲವರು ಯಾರೋ ಆಸಿಮನಿಗೆ ಅದನ್ನು ಓದಿ ಹೇಳಿದ್ದರು. ಒಂದೇ ಮಾತು ಹೇಳು ಅನ್ನುವ ತನ್ನದೇ ಮಾತು. ತಲೆ ಎತ್ತದೆ ನಕ್ಕಳು. ಕೆರೆ ಹತ್ತಿರ ಅಂದದ್ದು ಜಂಬಕ್ಕೆ, ಮನಸ್ಸಿನಲ್ಲಿದ್ದದ್ದು ಇಲ್ಲಿದೆ ಅಂತ ಅವನು ತಿಳಿದ. ಆ ಪುಟವನ್ನು ಲ್ಯಾಮಿನೇಷನ್ ಮಾಡಿಸಿ ಬ್ಯಾಟರಿಗಳ ಮೇಲೆ ತೂಗುಹಾಕಿದ. ಬಂದವರಿಗೆಲ್ಲ ತೋರಿಸಿ, ಹುಡುಗಿ ಪೇಪರಿನಲ್ಲೇ ಒಪ್ಪಿದ್ದಾಳೆ ಅನ್ನತೊಡಗಿದ. ಯಮಹಾ ನಮ್ಮ ಬೀದಿಗೆ ಬರಲು ಶುರುವಾದದ್ದು ಆಗ.

ಚಾಂದ್ ಪಾಷಾ ಕಡೆಯಿಂದ ಭಾನುವಾರ ಮಾತುಕತೆಗೆ ಬರುತ್ತೇವೆ ಅಂತ ಹೇಳಿಕಳಿಸಿದರು. ಶಂಶುನ್ನೀಸಾ ಅಮ್ಮಿಗೆ ಒಳಗೊಳಗೇ ಸಮಾಧಾನ. ಮಗಳಿಗೆ ವಯಸ್ಸಾಗುತ್ತಿದೆ, ಮನೆತನ ಒಳ್ಳೆಯದು, ಗಂಡುಹುಡುಗರು ಮದುವೆಯಾದ ಮೇಲೆ ಸರಿಹೋಗುತ್ತಾರೆ ಅಂತ ಅವರ ವಾದ. ಅವರಾದರೂ ಏನು ಮಾಡಿಯಾರು, ಮನೆಗೆ ಗಂಡು ದಿಕ್ಕಿಲ್ಲ. ನಾನು ಎಷ್ಟೋ ಹೇಳಿದೆ, ಅದು ಅಚ್ಚಿನ ತಪ್ಪು, ಅವಳು ಬರೆದದ್ದೇ ಬೇರೆ ಅಂತ. ಅವರು ಮಗುವಿನ ಕೆನ್ನೆ ಸವರುತ್ತಾ ಹೇಳಿದರು: “ನಮ್ಮಲ್ಲಿ ಹುಡುಗಿ ಬಾಯಿ ಬಿಟ್ಟು ಹೂಂ ಅನ್ನೋ ರಿವಾಜಿಲ್ಲ ಬೇಟಿ. ಸುಮ್ನಿದ್ರೂ ಹೂಂ, ನಕ್ರೂ ಹೂಂ. ಈಗಾಗ್ಲೇ ಊರಿಗೆಲ್ಲ ನಕ್ಕಿದಾಳೆ.”

ನಾನು ಎದ್ದು ತಾಹೇರಾಳ ಹತ್ತಿರ ಹೋದೆ.

ಪತ್ರಿಕೆಯ ಕಚೇರಿಗೆ ಹೋಗೋಣ ಅಂದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿ ಹೋದೆವು. ದಾರಿ ಉದ್ದಕ್ಕೂ ತಾಹೇರಾ ಹಿಂದಿನ ಕಿಟಕಿಯಲ್ಲಿ ಬೈಕುಗಳನ್ನೇ ನೋಡುತ್ತಿದ್ದಳು. ಅವಳ ಕಂತು ತಿದ್ದಿದವರು ಶಿವರುದ್ರಪ್ಪ ಅಂತ, ಮಲೆನಾಡಿನ ಕಡೆಯವರು, ಬೆಂಗಳೂರಿಗೆ ಹೊಸಬರು, ನಿಜಕ್ಕೂ ಒಳ್ಳೆಯವರು. ಕೂರಿಸಿ, ಮಗುವಿಗೆ ಬಿಸ್ಕತ್ತು ತರಿಸಿಕೊಟ್ಟರು.

“ನೀವು ನಕ್ಕಳು ಅಂತ ಬರೆಯೋಕೆ ಹೋಗಿ ಕೈತಪ್ಪಿ ನಕ್ಕೊ ಅಂದಳು ಅಂತ ಬರೆದಿದ್ದೀರಿ ಅಂದ್ಕೊಂಡೆ ತಾಯಿ. ಪಾಪ, ಕನ್ನಡ ಮನೆಮಾತಲ್ಲವಲ್ಲ ಅಂತ ನಾನೇ ಸರಿಮಾಡಿದೆ,” ಅಂದರು.

ತಾಹೇರಾ ಅಷ್ಟು ದಿನದಲ್ಲಿ ಮೊದಲ ಸಲ ಸಿಟ್ಟಾದಳು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ ಸಾರ್, ನಕ್ಕಳು ಅಂತ ಬರೆಯೋಕೆ ಬರುತ್ತೆ ನನಗೆ ಅಂದಳು. ಅವರ ಮುಖ ಸಣ್ಣದಾಯಿತು. ತಪ್ಪು ಒಪ್ಪಿಕೊಂಡರು, ತಿದ್ದುಪಡಿ ಹಾಕುತ್ತೇವೆ ಅಂದರು. ಆದರೆ ಮುಂದಿನ ಸಂಚಿಕೆ ಆಗಲೇ ಅಚ್ಚಿಗೆ ಹೋಗಿದೆ, ಅದರ ಮುಂದಿನದರಲ್ಲಿ. ಭಾನುವಾರ ಅದಕ್ಕಿಂತ ಮೊದಲೇ ಇತ್ತು. ಹೊರಡುವಾಗ ಇನ್ನೊಂದು ಮಾತು ಹೇಳಿದರು, ಓದುಗರು ಆ ನಗುವನ್ನು ತುಂಬ ಮೆಚ್ಚಿಕೊಂಡಿದ್ದಾರೆ, ಅವರಿಬ್ಬರನ್ನೂ ಸೇರಿಸಿಬಿಡಿ ಅಂತ.

ವಾಪಸ್ ಬರುವಾಗ ಹಲಸೂರಿನ ಬಸ್ ಸ್ಟಾಪಿನಲ್ಲಿ ಆಸಿಮ್ ನಿಂತಿದ್ದ. ಬೈಕಿಗೆ ಒರಗಿಕೊಂಡು, ಕೈಯಲ್ಲಿ ಕೀ ತಿರುಗಿಸುತ್ತಾ. ಅವನು ಅವಳ ಹತ್ತಿರ ಮಾತಾಡಲಿಲ್ಲ, ನನ್ನ ಹತ್ತಿರ ಮಾತಾಡಿದ, ಕನ್ನಡದಲ್ಲಿ, ಬಹಳ ಮರ್ಯಾದೆಯಿಂದ.

“ನಿಮ್ ಫ್ರೆಂಡ್‌ಗೆ ಸ್ವಲ್ಪ ಬುದ್ಧಿ ಹೇಳಿ ಅಕ್ಕಾ. ಪೇಪರ್‌ನಲ್ಲಿ ನಕ್ಕು, ಮನೇಲಿ ಅಳಬಾರ್ದು. ಅಷ್ಟ್ ಚೆನ್ನಾಗಿರೋ ಮುಖ.”

ಹೇಳಿ ಸೃಷ್ಟಿಯ ಗಲ್ಲ ಚಿವುಟಿದ. ಮಗು ಅವನನ್ನು ನೋಡಿ ಬಾಯಗಲಿಸಿ ನಕ್ಕಿತು. ನಾನು ಮನೆಗೆ ಬಂದು ಅವಳ ಗಲ್ಲವನ್ನು ಸೋಪು ಹಾಕಿ ತೊಳೆದೆ, ಅವಳು ಅಳುವವರೆಗೂ ತೊಳೆದೆ.

ಪೊಲೀಸರಿಗೆ ಹೇಳೋಣ ಅಂದೆ. ಏನಂತ ಹೇಳ್ತೀಯ, ನನ್ನ ಮುಖ ಚೆನ್ನಾಗಿದೆ ಅಂದ ಅಂತಲಾ, ಅಂದಳು ತಾಹೇರಾ. ರವಿಕಿರಣ, ನಾನು ಹೋಗಿ ಅವನ ಹತ್ತಿರ ಮಾತಾಡುತ್ತೇನೆ ಅಂದರು. ಅದಕ್ಕೂ ಅವಳು ಒಪ್ಪಲಿಲ್ಲ. ನೀವು ಹೋದರೆ ಊರವರು ನಿಮ್ಮನ್ನೂ ನನ್ನನ್ನೂ ಸೇರಿಸಿ ಇನ್ನೊಂದು ಕತೆ ಕಟ್ಟುತ್ತಾರೆ ಅಂದಳು. ಆಮೇಲೆ, ಅವನ ಅಬ್ಬಾ ಎದುರಿಗೆ ನಾನೇ ಹೇಳಬೇಕು, ಜೋರಾಗಿ, ಅಂದಳು. ಹೇಳುವಾಗ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬೆಳ್ಳಗಾಗಿತ್ತು.

ಭಾನುವಾರ ಮಧ್ಯಾಹ್ನ ಅವರು ತಾಹೇರಾಳ ಮನೆಗೆ ಬಂದರು. ಚಾಂದ್ ಪಾಷಾ, ಅವರ ಮನೆಯ ಹೆಂಗಸರು, ತಟ್ಟೆಗಳಲ್ಲಿ ಹಣ್ಣು, ಮಿಠಾಯಿ. ಆಸಿಮ್ ಕೂಡ ಬಂದಿದ್ದ, ಬಾಗಿಲ ಹೊರಗೆ ಬೈಕಿನ ಮೇಲೇ ಕೂತಿದ್ದ. ನಾನು ಮಲಗಿದ್ದ ಸೃಷ್ಟಿಯನ್ನು ಮಡಿಲಲ್ಲಿ ಹಾಕಿಕೊಂಡು ಒಳಕೋಣೆಯ ಪರದೆಯ ಹತ್ತಿರ ಕೂತಿದ್ದೆ. ಬಾಗಿಲ ಸಂದಿಯಿಂದ ಅವನ ಬಿಳಿ ಶೂ ಕಾಣುತ್ತಿತ್ತು. ಬೈಕಿನ ಪಕ್ಕದಲ್ಲಿ ಒಂದು ಚೀಲ ನೇತಾಡುತ್ತಿತ್ತು. ಅದರಲ್ಲಿ ಏನಿದೆ ಅಂತ ನಾನು ನೋಡುತ್ತಲೇ ಇದ್ದೆ, ಚೀಲದ ತಳ ಒದ್ದೆ ಇದೆಯಾ, ಬಾಟಲಿಯ ಆಕಾರ ಇದೆಯಾ ಅಂತ.

ದೊಡ್ಡವರ ಮಾತುಗಳೆಲ್ಲ ಮುಗಿದವು. ಚಾಂದ್ ಪಾಷಾ ಗಂಟಲು ಸರಿಮಾಡಿಕೊಂಡು, ಹುಡುಗಿಯನ್ನೇ ಒಂದು ಮಾತು ಕೇಳಿಬಿಡೋಣ, ಅದು ಅವಳ ಹಕ್ಕು ಅಂದರು. ಅವರಿಗೆ ಅದು ಬರೀ ಶಾಸ್ತ್ರವಲ್ಲ ಅನ್ನುವುದು ದನಿಯಲ್ಲೇ ತಿಳಿಯುತ್ತಿತ್ತು. ತಾಹೇರಾ ತಲೆ ತಗ್ಗಿಸಿ ಕೂತಿದ್ದಳು. ಅವಳ ತುಟಿ ಅಲ್ಲಾಡಿದ್ದು ನನಗೆ ಪಕ್ಕದಿಂದ ಕಂಡಿತು. ದನಿ ಬರಲಿಲ್ಲ. ಅವರು ಮತ್ತೆ ಕೇಳಿದರು. ಮತ್ತೆ ತುಟಿ ಅಲ್ಲಾಡಿತು, ಮತ್ತೆ ಏನೂ ಇಲ್ಲ. ಎದುರಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸಿದರು. ಹುಡುಗಿ ನಾಚಿಕೊಂಡಿದ್ದಾಳೆ. ಒಬ್ಬಾಕೆ ಮಿಠಾಯಿಯ ತಟ್ಟೆಯ ಮೇಲಿನ ಬಟ್ಟೆ ತೆಗೆದು, ಮುಬಾರಕ್ ಅನ್ನಲು ಬಾಯಿ ತೆರೆದದ್ದೂ ಆಯಿತು. ಶಂಶುನ್ನೀಸಾ ಅಮ್ಮಿ ಕಣ್ಣೊರೆಸಿಕೊಂಡರು. ನನಗೆ ಏಳೋಣ, ಕೂಗೋಣ ಅನ್ನಿಸಿತು. ಆದರೆ ನಾನು ಕೂಗಿದರೆ ಅದು ನನ್ನ ಮಾತಾಗುತ್ತಿತ್ತೇ ಹೊರತು ಅವಳದಾಗುತ್ತಿರಲಿಲ್ಲ.

“ನಕ್ಕೊ.”

ಎಷ್ಟು ಜೋರಾಗಿ ಬಂತೆಂದರೆ ಸೃಷ್ಟಿ ಬೆಚ್ಚಿ ಎದ್ದು ಅಳತೊಡಗಿದಳು. ತಾಹೇರಾ ಈಗ ತಲೆ ಎತ್ತಿದ್ದಳು. ಅವಳು ಚಾಂದ್ ಪಾಷಾರನ್ನೇ ನೋಡುತ್ತಾ ಹೇಳಿದಳು, ಅರ್ಧ ದಖ್ಖನಿ, ಅರ್ಧ ಕನ್ನಡ: “ನಕ್ಕೊ ಚಾಚಾ. ಅವತ್ತು ಕೆರೆ ಹತ್ರಾನೂ ಇದನ್ನೇ ಹೇಳಿದ್ದೆ. ಕಾಗದದಲ್ಲೂ ಇದನ್ನೇ ಬರ್ದಿದ್ದೆ. ನಾನು ಯಾವತ್ತೂ ನಕ್ಕಿಲ್ಲ.”

ಹೊರಗೆ ಬೈಕಿನಿಂದ ಶೂ ಕೆಳಗಿಳಿಯಿತು. ನಾನು ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿದೆ. ಚಾಂದ್ ಪಾಷಾ ಎದ್ದರು. ಎದ್ದವರು ಮೊದಲು ಬಾಗಿಲಿಗೆ ಹೋಗಿ, ಹೊಸ್ತಿಲಿಗೆ ಅಡ್ಡ ನಿಂತರು, ಮಗನ ಕಡೆ ಮುಖ ಮಾಡಿ. ಅವರ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. “ಕೇಳಿಸ್ತಾ?” ಅಂದರು. “ಇಡೀ ಬೀದಿಗೆ ಕೇಳಿಸಿದೆ. ಗಾಡಿ ತಿರುಗಿಸು.”

ಆಸಿಮ್ ಏನೋ ಅಂದ, ಪೇಪರ್ ಅನ್ನುವುದಷ್ಟೇ ನನಗೆ ಕೇಳಿಸಿತು. ಮುದುಕರು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಯಮಹಾ ಹೊರಟ ಸದ್ದು ಕೇಳಿತು. ಹೆಂಗಸರು ತಟ್ಟೆ ಎತ್ತಿಕೊಂಡು ಹೋದರು. ಚಾಂದ್ ಪಾಷಾ ಮಾತ್ರ ಶಂಶುನ್ನೀಸಾ ಅಮ್ಮಿಗೆ ಕೈಮುಗಿದು, ನಿಮ್ಮ ಮಗಳು ಬಾಯಿಬಿಟ್ಟು ಹೇಳಿದ್ದು ನನ್ನ ಮೇಲೆ ದೊಡ್ಡ ಉಪಕಾರ ಅಂದರು. ಅಮ್ಮಿ ಆ ರಾತ್ರಿ ಮಗಳ ಹತ್ತಿರ ಮಾತಾಡಲಿಲ್ಲ, ಆದರೆ ಅವಳ ಪಕ್ಕದಲ್ಲೇ ಮಲಗಿದರಂತೆ, ಅವಳನ್ನು ಗೋಡೆಯ ಕಡೆ ಹಾಕಿಕೊಂಡು.

ಅಲ್ಲಿಗೆ ಮುಗಿಯಿತು ಅನ್ನಲಾರೆ. ಭಾನುವಾರಕ್ಕಿಂತ ಸೋಮವಾರವೇ ನನಗೆ ಹೆಚ್ಚು ಹೆದರಿಕೆ. ಅಪ್ಪನ ಎದುರು ಗಾಡಿ ತಿರುಗಿಸಿದವನು ಅಪ್ಪ ಇಲ್ಲದ ಕಡೆ ಏನು ಮಾಡುತ್ತಾನೋ. ಬೆಳಿಗ್ಗೆ ತಾಹೇರಾ ಎಂದಿನಂತೆ ಲೂನಾ ಹೊರಗೆ ತೆಗೆದಳು. ಇವತ್ತೊಂದು ದಿನ ಬೇಡ ಅಂದೆ. ಇವತ್ತು ಬಿಟ್ಟರೆ ನಾಳೆ ಎಲ್ಲಿಂದ ಧೈರ್ಯ ತರಲಿ ಅಂದಳು. ಆಗ ನಾನು ರವಿಕಿರಣ ಸ್ಕೂಟರಿಗಿಟ್ಟುಕೊಂಡಿದ್ದ ಹೆಲ್ಮೆಟ್ಟು ತಂದು, ಬುರ್ಖಾದ ಮೇಲೆ ಅವಳ ತಲೆಗೆ ಹಾಕಿ, ಮುಂದಿನ ಗಾಜನ್ನು ಪೂರ್ತಿ ಕೆಳಗೆ ಎಳೆದೆ. ಏನಾದರೂ ಎರಚಿದರೆ ಕಣ್ಣಾದರೂ ಉಳಿಯಲಿ ಅಂತ. ಮುನಿವೆಂಕಟಮ್ಮ ನೋಡಿ, ಚಂದ್ರಲೋಕಕ್ಕೆ ಹೊರಟ ಹಾಗಿದ್ದೀಯ ಕಣಮ್ಮ ಅಂದರು. ಯಾರಿಗೂ ನಗು ಬರಲಿಲ್ಲ.

ಊಟದ ಹೊತ್ತಿಗೆ ಬರಬೇಕಾದವಳು ಬರಲಿಲ್ಲ. ನಾನು ಸೃಷ್ಟಿಯನ್ನು ಎತ್ತಿಕೊಂಡು ಬೀದಿಯ ತುದಿಯವರೆಗೆ ಹೋದೆ, ವಾಪಸ್ ಬಂದೆ, ಮತ್ತೆ ಹೋದೆ. ಅನ್ನ ಒಲೆ ಮೇಲೆ ಸೀದು ಹೋಯಿತು. ಲೂನಾದ ಕೆಮ್ಮು ಕೇಳಿದಾಗ ಬಿಸಿಲು ಇಳಿದಿತ್ತು. ಗಾಜು ಎತ್ತಿದರೆ ಒಳಗೆ ಬೆವರಿನಲ್ಲಿ ತೊಯ್ದ ಮುಖ, ಎಂದಿನ ಮುಖವೇ. ಕೈಗೆ ಮಾತ್ರ ಹ್ಯಾಂಡಲ್ ಬಿಡಲು ಬರುತ್ತಿರಲಿಲ್ಲ, ನಾನೇ ಬೆರಳು ಬಿಡಿಸಿದೆ. ಅವನು ಎಲ್ಲೂ ಕಾಣಲಿಲ್ಲವಂತೆ. ಹಾಗಿದ್ದರೆ ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಅಂತ ಚೆನ್ನಾಗಿ ಬೈದೆ.

ಇಂದಿರಾನಗರದ ಒಬ್ಬ ಮೇಡಂ ಗೇಟಿನಲ್ಲೇ ಹಿಡಿದುಕೊಂಡುಬಿಟ್ಟರಂತೆ. ಅವರ ಅಡುಗೆಯಾಕೆ ಪತ್ರಿಕೆ ಓದುತ್ತಾಳಂತೆ, ಗುಲ್‌ಬಾನು ಮಿರ್ಜಾನನ್ನು ಮದುವೆ ಆಗುತ್ತಾಳಾ ಅಂತ ಇಬ್ಬರೂ ಕೇಳಿದರಂತೆ.

“ಏನ್ ಹೇಳ್ದೆ?”

“ಇಲ್ಲ ಅಂದೆ. ಅವ್ಳಿಗೆ ಕೆಲ್ಸ ಇದೆ, ಪಲ್ಟನ್ ಕುದುರೆಗಳೆಲ್ಲ ಕಾಯ್ತಿವೆ ಅಂದೆ. ಅಡುಗೆಯಾಕೆಗೆ ಸಮಾಧಾನ ಆಯ್ತು, ಮೇಡಂಗೆ ಆಗ್ಲಿಲ್ಲ.”

ಪತ್ರಿಕೆಗೂ ಆಗಲಿಲ್ಲ. ತಿದ್ದುಪಡಿ ಒಂದು ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಬಂತು. ಕೆಲವು ವಾರ ಬಿಟ್ಟು ಧಾರಾವಾಹಿಯನ್ನು ಅರ್ಧಕ್ಕೇ ನಿಲ್ಲಿಸಿದರು. ಆಸಿಮ್ ಮುಂದಿನ ವರ್ಷ ಬೇರೆ ಊರಿಗೆ ಹೋದ ಅಂತ ಕೇಳಿದೆವು, ಸುಧಾರಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಹೋದಮೇಲೂ ತಾಹೇರಾ ತುಂಬ ದಿನ ಒಂದೇ ದಾರಿಯಲ್ಲಿ ಎರಡು ದಿನ ಹೋಗುತ್ತಿರಲಿಲ್ಲ. ನಾವು ಕೆ.ಆರ್. ಪುರಕ್ಕೆ ಮನೆ ಬದಲಾಯಿಸಿದ ಮೇಲೆ ಅವಳು ಕಾದಂಬರಿಯನ್ನು ಮುಗಿಸಿದಳು. ಅದರಲ್ಲಿ ಗುಲ್‌ಬಾನು ಲಾಯದ ಬಾಗಿಲಿಗೆ ಒಳಗಿನಿಂದ ಹೊಸ ಅಗುಳಿ ಹಾಕಿಕೊಳ್ಳುತ್ತಾಳೆ, ಹಾಕಿಕೊಂಡು ಕೆಲಸ ಮುಂದುವರಿಸುತ್ತಾಳೆ. ಹೆದರಿಕೆ ಹೋಯಿತು ಅಂತ ತಾಹೇರಾ ಎಲ್ಲೂ ಬರೆದಿಲ್ಲ.